ಹೆಲಿಕಾಪ್ಟರ್ ಶಬ್ದ: ಇಳಿಯುವ ನೆಲವಾದರೂ ನಮ್ಮದಲ್ವಾ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಒಂದು ವಾಚನಾಲಯದಲ್ಲಿ ಭಾನುವಾರ ಸಂಜೆ ಮಾತಾಡಿದ್ದು ಇದು. ಬಂದವರಲ್ಲಿ ಕೆಲವರು ಬರೆದು ಕೊಡಿ ಎಂದರು, ಬರಲಿಕ್ಕೆ ಆಗದವರು ಇನ್ನೂ ಜಾಸ್ತಿ ಜನ ಕೇಳಿದರು. ಬಾಯಲ್ಲಿ ಹೇಳಿದ್ದನ್ನೇ ಆದಷ್ಟು ಹಾಗೆಯೇ ಇಳಿಸಿದ್ದೇನೆ. ಲೆಕ್ಕಗಳನ್ನು ಮಾತ್ರ ಇನ್ನೊಮ್ಮೆ ಕೂತು ಮಾಡಿ ನೋಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಒಳಗೆ ಬರುವಾಗ ಬಾಗಿಲಲ್ಲೇ ಒಬ್ಬರು ಕೇಳಿದರು: "ಮಾಷ್ಟ್ರೇ, ನಮ್ಮಲ್ಲಿ ದಿನಾ ಹಾರುವ ಹೆಲಿಕಾಪ್ಟರ್ ಎಲ್ಲಿ ಉಂಟು? ಚುನಾವಣೆಗೆ ಒಂದು ಬಂದರೆ ಮಕ್ಕಳು ಓಡಿ ಹೋಗಿ ನೋಡ್ತಾರೆ. ಅದಕ್ಕೆಲ್ಲ ನಿಯಮ ಯಾಕೆ?" ಕೇಳಿದ್ದು ಸರಿಯಾಗಿಯೇ ಇದೆ. ಈಗ ದಿನಾ ಇಲ್ಲ. ಇಲ್ಲದಿರುವಾಗಲೇ ಮಾತಾಡಬೇಕು ಎಂದೇ ನಾನು ಬಂದದ್ದು. ಕೇರಳ ಸರಕಾರ ಹೆಲಿ ಟೂರಿಸಂಗೆ ಒಂದು ನೀತಿ ಮಾಡಿದೆ. ಬೇಕಲದಲ್ಲಿ ಕೋಟೆ ಇದೆ, ಕಡಲು ಇದೆ, ದೊಡ್ಡ ದೊಡ್ಡ ರೆಸಾರ್ಟುಗಳಿವೆ. ಪೆರಿಯದಲ್ಲಿ ಕಿರು ವಿಮಾನ ನಿಲ್ದಾಣ ಬರುತ್ತದೆ ಎಂಬ ಮಾತು ಎಷ್ಟೋ ವರ್ಷಗಳಿಂದ ಕೇಳುತ್ತಿದ್ದೇವೆ. ಉತ್ತರಕ್ಕೆ ಮಂಗಳೂರು ವಿಮಾನ ನಿಲ್ದಾಣ, ದಕ್ಷಿಣಕ್ಕೆ 2018ರ ಡಿಸೆಂಬರಿನಲ್ಲಿ ಶುರುವಾದ ಕಣ್ಣೂರಿನದ್ದು, ನಡುವೆ ನಾವು. ಹೆಲಿಪ್ಯಾಡ್ ಒಂದು ಸಲ ಕಟ್ಟಿದ ಮೇಲೆ ಅದನ್ನು ಎತ್ತಿ ಬೇರೆ ಕಡೆ ಇಡಲಿಕ್ಕೆ ಆಗುವುದಿಲ್ಲ. ಎಲ್ಲಿ ಕಟ್ಟುತ್ತಾರೆ ಎಂಬುದು ತೀರ್ಮಾನ ಆಗುವ ಮೊದಲು ಬಾಯಿ ಬಿಡದಿದ್ದರೆ ಆಮೇಲೆ ಬಿಟ್ಟು ಪ್ರಯೋಜನ ಇಲ್ಲ.

ಮತ್ತೆ, ನಮ್ಮ ಊರಿಗೆ ಹೆಲಿಕಾಪ್ಟರ್ ಶಬ್ದ ಹೊಸತೇನೂ ಅಲ್ಲ. 1978ರಿಂದ 2000ದವರೆಗೆ ಗೇರು ತೋಪುಗಳ ಮೇಲೆ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದ್ದು ಹೆಲಿಕಾಪ್ಟರಿನಿಂದಲೇ. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಕಾರಡ್ಕ, ಮುಳಿಯಾರು ಕಡೆಯಿಂದ ಬಂದವರು ಇಲ್ಲಿ ಇದ್ದೀರಿ, ನಿಮಗೆ ನಾನು ಹೇಳಬೇಕಾಗಿಲ್ಲ. ನನಗೆ ಆ ದಿನಗಳಲ್ಲಿ ಮೊದಲು ನೆನಪಾಗುವುದು ಶಬ್ದ. ಅಜ್ಜಿ ಅಂಗಳದಲ್ಲಿ ಅಡಿಕೆ ಹರಡುತ್ತಾ ಕೂತಿರುತ್ತಿದ್ದರು. ಗುಡ್ಡೆಯ ಆಚೆ ಎಲ್ಲೋ ತಪ ತಪ ತಪ ಅಂತ ಶುರುವಾದರೆ ಸಾಕು, ಎದ್ದು ಬಾವಿಕಟ್ಟೆಗೆ ಓಡುವುದು. ಹೆಣೆದ ತೆಂಗಿನ ಮಡಲು ಎರಡನ್ನು ಬಾವಿಗೆ ಅಡ್ಡ ಇಟ್ಟು, ಗಾಳಿಗೆ ಹಾರದ ಹಾಗೆ ಮೇಲೊಂದು ಕಲ್ಲು. ಆಮೇಲೆ ಹಗ್ಗದಲ್ಲಿದ್ದ ಬಟ್ಟೆ. ಆಮೇಲೆ ದನ. ಎಲ್ಲಕ್ಕಿಂತ ಕೊನೆಗೆ ನಾವು ಮಕ್ಕಳು, ಯಾಕೆಂದರೆ ನಾವು ಕರೆದರೆ ಬರುತ್ತಿರಲಿಲ್ಲ, ಹೆಲಿಕಾಪ್ಟರ್ ನೋಡಲಿಕ್ಕೆ ಗುಡ್ಡೆಗೆ ಓಡಿರುತ್ತಿದ್ದೆವು. ಬಾವಿಗೆ ಮಡಲು ಮುಚ್ಚಿದರೆ ಸಾಕು ಎಂದು ಅಜ್ಜಿಗೆ ಯಾರೋ ಹೇಳಿದ್ದರು. ಅವರು ಅದನ್ನು ಒಂದು ದಿನವೂ ತಪ್ಪಿಸಲಿಲ್ಲ.

ಎಂಡೋಸಲ್ಫಾನ್ ವಿರುದ್ಧ ನಡೆದ ಹೋರಾಟ ಶಬ್ದದ್ದಲ್ಲ, ವಿಷದ್ದು. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದು ತಪ್ಪು, ನಾನು ಹಾಕುವುದಿಲ್ಲ. ಆದರೆ ಒಂದು ವಿಷಯ ಅಲ್ಲಿಂದ ಕಲಿಯಲಿಕ್ಕಿದೆ. ಆಗಲೂ ಎತ್ತರದ ನಿಯಮ ಇತ್ತು, ಮರದ ತಲೆಯಿಂದ ಎರಡು ಮೂರು ಮೀಟರ್ ಮೇಲಿನಿಂದ ಮಾತ್ರ ಸಿಂಪಡಿಸಬೇಕು ಎಂದು. ಗುಡ್ಡ, ತೋಡು, ಬೈಲು ಎಂದು ಏರಿ ಇಳಿಯುವ ನಮ್ಮ ನೆಲದಲ್ಲಿ ಅಷ್ಟು ತಗ್ಗಿನಲ್ಲಿ ಹಾರುವುದು ಆಗುವ ಮಾತಾ? ನಿಯಮ ಕಾಗದದಲ್ಲಿ ಉಳಿಯಿತು, ಮದ್ದು ಗಾಳಿಯಲ್ಲಿ ಮನೆಗೆ ಬಂತು. ಅದು ನಿಂತದ್ದು ಮೇಲಿನಿಂದ ಅಲ್ಲ, ಕೆಳಗಿನಿಂದ. ವಾಣಿನಗರದಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಏನು ಕಾಣುತ್ತಿದೆ ಎಂದು ಗಮನಿಸಿ ಬರೆದಿಟ್ಟರು. ಕೃಷಿ ಇಲಾಖೆಯಲ್ಲಿದ್ದ ಲೀಲಾಕುಮಾರಿ ಅಮ್ಮ 1998ರಲ್ಲಿ ಹೊಸದುರ್ಗದ ಮುನ್ಸೀಫ್ ಕೋರ್ಟಿಗೆ ಹೋದರು, ಸಿಂಪಡಣೆಗೆ ತಡೆ ಸಿಕ್ಕಿತು. ಕೆಳಗೆ ನಿಂತವರು ಕಂಡದ್ದನ್ನು ಬರೆದು ಇಡಬೇಕು. ಇದನ್ನು ತಲೆಯಲ್ಲಿ ಇಟ್ಟುಕೊಳ್ಳಿ, ಆಮೇಲೆ ಮತ್ತೆ ಬರುತ್ತೇನೆ.

ಈಗ ಶಬ್ದಕ್ಕೆ ಬರೋಣ. ನಾನು ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುವವನು, ಸ್ವಲ್ಪ ಪಾಠದ ಹಾಗೆ ಆದರೆ ಸಹಿಸಿಕೊಳ್ಳಿ.

ಬೆಲ್ 206 ಎಂಬ ಸಣ್ಣ ಹೆಲಿಕಾಪ್ಟರನ್ನು ತೆಗೆದುಕೊಳ್ಳಿ. ತಲೆಯ ಮೇಲೆ ಎರಡು ರೆಕ್ಕೆ, ನಿಮಿಷಕ್ಕೆ ಸುಮಾರು 394 ಸುತ್ತು. ಎರಡು ರೆಕ್ಕೆಯಿಂದ ಗುಣಿಸಿ 60ರಿಂದ ಭಾಗಿಸಿದರೆ ಸೆಕೆಂಡಿಗೆ 13 ಏಟು. ಗಾಳಿಗೆ ಬೀಳುವ ಈ 13 ಏಟೇ ನಮಗೆ ಕೇಳುವ ತಪ ತಪ. ಇಷ್ಟು ತಗ್ಗಿನ ಕಂಪನ ಕಿವಿಗಿಂತ ಜಾಸ್ತಿ ಎದೆಗೆ, ಕಿಟಕಿಗೆ, ಕಪಾಟಿನ ಗ್ಲಾಸುಗಳಿಗೆ ಗೊತ್ತಾಗುತ್ತದೆ. ಬೈಕಿನ ಕರ್ಕಶ ಶಬ್ದವನ್ನು ಗೋಡೆ ತಡೆಯುತ್ತದೆ, ಬಾಗಿಲು ಹಾಕಿದರೆ ಅರ್ಧ ಕಡಿಮೆ. ತಗ್ಗಿನ ಶಬ್ದ ಬಾಗಿಲು ನೋಡುವುದಿಲ್ಲ. ಅದರಲ್ಲೂ ನಮ್ಮದು ಹಂಚಿನ ಮಾಡು, ಇಲ್ಲಾಂದ್ರೆ ತಗಡಿನ ಶೀಟು. ಶಬ್ದ ಬರುವುದೇ ಮೇಲಿನಿಂದ, ನಮ್ಮ ಮನೆಗಳಲ್ಲಿ ತೆಳ್ಳಗೆ ಇರುವುದೂ ಮೇಲೆಯೇ.

ಇನ್ನೊಂದು ಸಂಗತಿ. ಪ್ರತಿ ರೆಕ್ಕೆಯೂ ತುದಿಯಲ್ಲಿ ಗಾಳಿಯ ಒಂದು ಸುಳಿ ಬಿಟ್ಟು ಹೋಗುತ್ತದೆ. ನೇರ ಹಾರುವಾಗ ಆ ಸುಳಿ ಕೆಳಗೆ ಜಾರಿ ಹೋಗುತ್ತದೆ. ಹೆಲಿಕಾಪ್ಟರ್ ನಿಧಾನಕ್ಕೆ ಇಳಿಯುವಾಗ ಅದು ರೆಕ್ಕೆಯ ಮಟ್ಟದಲ್ಲೇ ಉಳಿದು, ಹಿಂದಿನಿಂದ ಬರುವ ರೆಕ್ಕೆ ಸೀದಾ ಹೋಗಿ ಅದಕ್ಕೆ ಹೊಡೆಯುತ್ತದೆ. ಚಟ್ ಚಟ್ ಅಂತ ಚಪ್ಪಾಳೆ ತಟ್ಟಿದ ಹಾಗೆ ಕೇಳುವುದು ಅದೇ. ಅಂದರೆ ಹೆಲಿಕಾಪ್ಟರ್ ಅತಿ ಕೆಟ್ಟ ಶಬ್ದ ಮಾಡುವುದು ದೂರ ಹಾರುವಾಗ ಅಲ್ಲ, ಇಳಿಯಲಿಕ್ಕೆ ಬರುವಾಗ. ಹೆಲಿಪ್ಯಾಡಿಗೆ ಯಾವ ದಿಕ್ಕಿನಿಂದ ಇಳಿಯುತ್ತಾರೋ ಆ ದಿಕ್ಕಿನ ಮನೆಗಳಿಗೇ ಎಲ್ಲ ಪಾಲು. ಕಡಿದಾಗಿ ಇಳಿದರೆ, ವೇಗ ಸರಿಯಾಗಿ ಹಿಡಿದರೆ ಇದನ್ನು ಕಡಿಮೆ ಮಾಡಬಹುದು ಎಂದು ಹೆಲಿಕಾಪ್ಟರ್ ಕಂಪೆನಿಗಳ ಸಂಘದವರೇ ಪೈಲಟ್‌ಗಳಿಗೆ ಹೇಳಿಕೊಡುತ್ತಾರೆ. ಬಾಲದ ಫ್ಯಾನಿಗೆ ಕವಚ ಇರುವ, ತುದಿ ಬಾಗಿದ ರೆಕ್ಕೆ ಇರುವ ಕಡಿಮೆ ಶಬ್ದದ ಮಾದರಿಗಳೂ ಬಂದಿವೆ. ಹಾಗಾಗಿ "ಹೆಲಿಕಾಪ್ಟರ್ ಅಂದ ಮೇಲೆ ಶಬ್ದ ಇದ್ದದ್ದೇ" ಎಂದು ಯಾರಾದರೂ ಹೇಳಿದರೆ ಸುಮ್ನೆ ತಲೆ ಆಡಿಸಬೇಡಿ. ಎಷ್ಟು ಶಬ್ದ, ಯಾರ ತಲೆಯ ಮೇಲೆ, ಎಷ್ಟು ಹೊತ್ತಿಗೆ ಎಂಬುದೆಲ್ಲ ಮನುಷ್ಯರು ತೀರ್ಮಾನ ಮಾಡುವ ವಿಷಯ.

ಮುಂದಿನ ಸಾಲಿನಿಂದ ಒಬ್ಬರು ಹೇಳಿದರು, "ನಮ್ಮ ಚೆಂಡೆ, ಕುಂಬಳೆ ಬೆಡಿ ಇದಕ್ಕಿಂತ ಜೋರು ಅಲ್ವಾ?" ಜೋರೇ. ಬೆಡಿ ಅಂದರೆ ಜಾತ್ರೆಯ ಸಿಡಿಮದ್ದು, ಎದೆ ನಡುಗಿಸುತ್ತದೆ, ನಾವು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ನೋಡಲಿಕ್ಕೆ ಹೋಗುತ್ತೇವೆ. ಆದರೆ ಅದು ಯಾವತ್ತು, ಎಷ್ಟು ಹೊತ್ತಿಗೆ, ಎಷ್ಟು ಹೊತ್ತಿನ ತನಕ ಎಂದು ವರ್ಷದ ಮೊದಲೇ ಗೊತ್ತು. ಬೇಡ ಅನ್ನುವವರು ಆ ದಿನ ದೂರ ಇರಬಹುದು. ಯಕ್ಷಗಾನದ ಆಟದಲ್ಲಿ ಚೆಂಡೆ ಏರುವಾಗ ನಾವೂ ಅದರೊಟ್ಟಿಗೆ ಏರುತ್ತೇವೆ. ಹೆಲಿಕಾಪ್ಟರಿನಲ್ಲಿ ಕೂತವರು ಯಾರು, ಯಾಕೆ ಬಂದರು, ಇನ್ನು ಎಷ್ಟು ಸಲ ಬರುತ್ತಾರೆ, ಒಂದೂ ಕೆಳಗಿದ್ದವರಿಗೆ ಗೊತ್ತಿಲ್ಲ. ತನ್ನ ಹಿಡಿತದಲ್ಲಿ ಇಲ್ಲದ ಶಬ್ದ ಮನುಷ್ಯನಿಗೆ ಜಾಸ್ತಿ ಹಿಂಸೆ ಕೊಡುತ್ತದೆ.

ನಮ್ಮ ನೆರೆಮನೆಯಲ್ಲಿ ಒಬ್ಬ ಹುಡುಗ ಇದ್ದಾನೆ. ವಯಸ್ಸು ಇಪ್ಪತ್ತು ದಾಟಿದೆ, ಚಾಪೆಯಲ್ಲೇ ಇರುವುದು, ಮಾತು ಇಲ್ಲ. ಅಮ್ಮ ಹತ್ತಿರ ಬಂದರೆ ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದು ನಗುತ್ತಾನೆ. ಒಂದು ಚುನಾವಣೆಯ ಸಮಯ ಮಧ್ಯಾಹ್ನ ಹೆಲಿಕಾಪ್ಟರ್ ಒಂದು ತೆಂಗಿನ ಮರಕ್ಕೆ ತಾಗುತ್ತದೋ ಎಂಬಷ್ಟು ತಗ್ಗಿನಲ್ಲಿ ಹೋಯಿತು. ಆ ಅಮ್ಮ ಊಟ ಕೊಡುತ್ತಿದ್ದರು. ಅವನ ಕೈಕಾಲು ಸೆಟೆದು ನಿಂತಿತು, ಬಾಯಲ್ಲಿದ್ದ ಗಂಜಿ ಗಂಟಲಿಗೆ ಸಿಕ್ಕಿಕೊಂಡಿತು. ನಾನು ಓಡಿ ಹೋಗುವಾಗ ಅವರು ಅವನನ್ನು ಮಗ್ಗುಲಿಗೆ ತಿರುಗಿಸಿ ಬೆನ್ನು ತಟ್ಟುತ್ತಿದ್ದರು. ಏನೂ ಆಗಲಿಲ್ಲ, ಉಸಿರು ಸರಿಯಾಯಿತು. ಆದರೆ ಅವತ್ತು ರಾತ್ರಿಯವರೆಗೆ ಅವನು ಏನೂ ತಿನ್ನಲಿಲ್ಲ. ಮೇಲೆ ಹೋದದ್ದು ಅರ್ಧ ನಿಮಿಷ. ಇಂಥ ಮಕ್ಕಳು, ಯುವಕರು ಇರುವ ಮನೆಗಳು ನಮ್ಮ ಪಂಚಾಯತುಗಳಲ್ಲಿ ಎಷ್ಟಿವೆ ಎಂದು ನಿಮಗೆಲ್ಲ ಗೊತ್ತು. ಆ ಮನೆಗಳ ಮೇಲೆ ಇನ್ನೊಂದು ಹೆಲಿಕಾಪ್ಟರ್ ದಾರಿ ಹಾಕುವ ಮೊದಲು ಯಾರಾದರೂ ಒಂದು ಮಾತು ಕೇಳಬೇಡ್ವಾ?

ಈಗ ಕಾನೂನು ಏನು ಹೇಳುತ್ತದೆ ನೋಡೋಣ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳಿವೆ. ವಾಸದ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಹಗಲು ಅಂದರೆ ಬೆಳಿಗ್ಗೆ 6ರಿಂದ ರಾತ್ರಿ 10. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ಅಲ್ಲಿ 50 ಮತ್ತು 40. ಓದಲಿಕ್ಕೆ ಚಂದ ಇದೆ. ಧ್ವನಿವರ್ಧಕಕ್ಕೆ ಇದು ಸಾಕಾಗುತ್ತದೆ. ಹೆಲಿಕಾಪ್ಟರಿಗೆ ಹಚ್ಚಿ ನೋಡಿದರೆ ಎಲ್ಲಿ ತೂತು ಇದೆ ಎಂದು ಕಾಣುತ್ತದೆ.

ಮೊದಲನೆಯದು ಸರಾಸರಿ. ಈ 55 ಎಂಬುದು ಹದಿನಾರು ಗಂಟೆಯ ಸರಾಸರಿ. ಹೆಲಿಕಾಪ್ಟರ್ ಒಂದು ನಿಮ್ಮ ಮನೆಯ ಮೇಲೆ 30 ಸೆಕೆಂಡು 80 ಡೆಸಿಬೆಲ್ ಶಬ್ದ ಮಾಡಿ ಹೋಯಿತು ಎಂದು ಇಟ್ಟುಕೊಳ್ಳಿ. 80 ಅಂದರೆ ಎದುರು ಕೂತವರ ಮಾತು ಕೇಳದಷ್ಟು. ಹದಿನಾರು ಗಂಟೆ ಅಂದರೆ 57,600 ಸೆಕೆಂಡು. ಆ 30 ಸೆಕೆಂಡನ್ನು ಇಷ್ಟಕ್ಕೂ ಹಂಚಿದರೆ ಸರಾಸರಿ ಬರುವುದು 47. ಮಿತಿಯ ಒಳಗೆ! ದಿನಕ್ಕೆ ಐದು ಸಲ ಹಾಗೆ ಹೋದರೂ 54. ಆರನೆಯ ಸಲಕ್ಕೆ 55 ಮುಟ್ಟುತ್ತದೆ. ಇನ್ನೂ ಮುಗಿಯಲಿಲ್ಲ. ಅದೇ ನಿಯಮದಲ್ಲಿ ದೂರು ಕೊಡುವ ಜಾಗದಲ್ಲಿ, ಶಬ್ದ ಮಿತಿಗಿಂತ 10 ಡೆಸಿಬೆಲ್ ಜಾಸ್ತಿ ಇದ್ದರೆ ದೂರು ಕೊಡಬಹುದು ಎಂದಿದೆ. ಡೆಸಿಬೆಲ್ ಲೆಕ್ಕದಲ್ಲಿ 10 ಜಾಸ್ತಿ ಅಂದರೆ ಹತ್ತು ಪಟ್ಟು ಶಕ್ತಿ. ಹಾಗಾಗಿ ಇದೇ ಸರಾಸರಿ ಹಿಡಿದು ಹೋದರೆ, ದಿನಕ್ಕೆ ಅರುವತ್ತು ಹೆಲಿಕಾಪ್ಟರ್ ನಿಮ್ಮ ಹಂಚು ನಡುಗಿಸಿ ಹೋಗುವವರೆಗೆ ನಿಮ್ಮ ದೂರಿಗೆ ಬಲ ಬರುವುದಿಲ್ಲ. ಬೇಕಾದರೆ ಹತ್ತನೇ ಕ್ಲಾಸಿನ ಮಕ್ಕಳ ಕೈಯಲ್ಲಿ ಲೆಕ್ಕ ಮಾಡಿಸಿ ನೋಡಿ. ಸರಾಸರಿಯಲ್ಲಿ ಯಾರೂ ಬದುಕುವುದಿಲ್ಲ. ನಿದ್ದೆ ಕೆಡುವುದು ಆ ಅರ್ಧ ನಿಮಿಷದಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 2018ರಲ್ಲಿ ವಿಮಾನಗಳ ಶಬ್ದ ಇಡೀ ದಿನದ ಸರಾಸರಿಯಲ್ಲಿ 45 ದಾಟಬಾರದು, ರಾತ್ರಿ 40 ದಾಟಬಾರದು ಎಂದಿತು. ರಸ್ತೆಯ ಶಬ್ದಕ್ಕಿಂತ ಆಕಾಶದ ಶಬ್ದಕ್ಕೆ ಅವರು ಮಿತಿ ಬಿಗಿ ಮಾಡಿದ್ದಾರೆ.

ಎರಡನೆಯದು ಮೀಟರಿನದ್ದು. ಶಬ್ದ ಅಳೆಯುವ ಮೀಟರನ್ನು ನಮ್ಮ ಕಿವಿಗೆ ಹೊಂದುವ ಹಾಗೆ ಮಾಡಿದ್ದಾರೆ, ಕಿವಿಗೆ ಕಡಿಮೆ ಕೇಳುವ ತಗ್ಗಿನ ಶಬ್ದವನ್ನು ಅದು ಕಳೆದುಬಿಡುತ್ತದೆ. ಸೆಕೆಂಡಿಗೆ 63 ಕಂಪನದ ಶಬ್ದದಿಂದ 26 ಡೆಸಿಬೆಲ್ ಕಳೆಯುತ್ತದೆ, ಅದಕ್ಕಿಂತ ತಗ್ಗಿನದ್ದರಿಂದ ಇನ್ನೂ ಜಾಸ್ತಿ. ಕಿವಿಯ ಲೆಕ್ಕಕ್ಕೆ ಸರಿ. ಮಾಡಿನ ಹಂಚಿಗೆ, ಕಿಟಕಿಯ ಗಾಜಿಗೆ ಕಿವಿ ಇಲ್ಲ, ಅವು ಪೂರ್ತಿ ನಡುಗುತ್ತವೆ.

ಮೂರನೆಯದನ್ನು ಹೇಳುವಾಗ ನನಗೆ ಸಂಕಟ ಆಗುತ್ತದೆ. ಶಾಲೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಎಂದೆನಲ್ಲ. ನಮ್ಮಲ್ಲಿ ಬಡ್ಸ್ ಶಾಲೆಗಳಿವೆ, ವಿಶೇಷ ಆರೈಕೆ ಬೇಕಾದ ಮಕ್ಕಳು ಬರುವುದು ಅಲ್ಲಿಗೆ. ಆ ಮಾಡಿನ ಮೇಲೆ 150 ಮೀಟರ್ ಎತ್ತರದಲ್ಲಿ ಹೆಲಿಕಾಪ್ಟರ್ ಹೋದರೆ ಅದು 100 ಮೀಟರಿನ ಗೆರೆಯ ಹೊರಗೇ ಇದೆ! ಈ ಗೆರೆಯನ್ನು ನೆಲದ ಮೇಲೆ ಎಳೆದವರು ತಲೆ ಎತ್ತಿ ಆಕಾಶ ನೋಡಿಲ್ಲ.

ಹಾಗಾದರೆ ಆಕಾಶ ಯಾರದ್ದು? ದೆಹಲಿಯದ್ದು. ಎಲ್ಲಿ, ಎಷ್ಟು ಎತ್ತರದಲ್ಲಿ ಹಾರಬೇಕು ಎಂದು ಹೇಳುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ. ಪಂಚಾಯತು, ಪೊಲೀಸ್ ಸ್ಟೇಷನ್, ತಿರುವನಂತಪುರ ಯಾರಿಗೂ ಆ ಅಧಿಕಾರ ಇಲ್ಲ. ಎತ್ತರದ ಸಾಮಾನ್ಯ ನಿಯಮ ಜಗತ್ತಿನಲ್ಲೆಲ್ಲ ಹೆಚ್ಚು ಕಡಿಮೆ ಒಂದೇ. ಜನ ಒತ್ತೊತ್ತಾಗಿ ಇರುವ ಪೇಟೆ, ವಸತಿ, ಜನ ಸೇರಿದ ಬಯಲು, ಇವುಗಳ ಮೇಲೆ ಕಡಿಮೆ ಅಂದರೆ 300 ಮೀಟರ್. ಉಳಿದ ಕಡೆ 150 ಮೀಟರ್. ಇಳಿಯುವಾಗ, ಏರುವಾಗ ಇದು ಅನ್ವಯಿಸುವುದಿಲ್ಲ. ನಮ್ಮ ಊರು ಇದರಲ್ಲಿ ಎಲ್ಲಿ ಬರುತ್ತದೆ? ಮೇಲಿನಿಂದ ನೋಡಿದರೆ ಅಡಿಕೆ ತೋಟ, ರಬ್ಬರು, ಗೇರುಗುಡ್ಡೆ, ನಡುನಡುವೆ ಅಲ್ಲೊಂದು ಇಲ್ಲೊಂದು ಮಾಡು. ಪೈಲಟಿಗೆ ಇದು ಕಾಡು. ಪ್ರತಿ ಮಾಡಿನ ಅಡಿಯಲ್ಲಿ ಒಂದು ಸಂಸಾರ ಇದೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ಒತ್ತೊತ್ತಾಗಿ ಮನೆ ಕಟ್ಟದೆ ತೋಟದ ನಡುವೆ ಬದುಕಿದ್ದಕ್ಕೆ ನಮಗೆ ಅರ್ಧ ಎತ್ತರ. ಎತ್ತರ ಎರಡು ಪಟ್ಟು ಆದಾಗೆಲ್ಲ ಶಬ್ದ 6 ಡೆಸಿಬೆಲ್ ಇಳಿಯುತ್ತದೆ. 150ರಿಂದ 600ಕ್ಕೆ ಏರಿದರೆ 12 ಕಡಿಮೆ, ಕಿವಿಗೆ ಅರ್ಧಕ್ಕಿಂತ ಕಡಿಮೆ ಆದ ಹಾಗೆ ಕೇಳುತ್ತದೆ. ಪೈಲಟಿಗೆ ಅದು ಒಂದೆರಡು ನಿಮಿಷದ ಕೆಲಸ.

ಬೇರೆ ಕಡೆಯವರು ಏನು ಮಾಡಿದರು ನೋಡಿ. ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲ್ಯಾಂಡ್ ಇದೆ. ಶ್ರೀಮಂತರು ವಾರದ ಕೊನೆಗೆ ಹೆಲಿಕಾಪ್ಟರಿನಲ್ಲಿ ಹೋಗುವ ಜಾಗ. ಜನರ ಗಲಾಟೆ ಜಾಸ್ತಿಯಾಗಿ 2012ರಲ್ಲಿ ಅಮೆರಿಕದ ಕೇಂದ್ರ ಸರಕಾರವೇ ಉತ್ತರ ತೀರದಲ್ಲಿ ದಡದಿಂದ ಸುಮಾರು ಒಂದು ಮೈಲಿ ಆಚೆ, ಕಡಲ ಮೇಲೆ ಹಾರಬೇಕು ಎಂದು ಕಡ್ಡಾಯ ಮಾಡಿತು. ಹೆಲಿಕಾಪ್ಟರ್ ಸಂಘ ಕೋರ್ಟಿಗೆ ಹೋಯಿತು, 2013ರಲ್ಲಿ ಸೋತಿತು. ಆದರೆ ಕಡಲಿನಿಂದ ಮತ್ತೆ ನೆಲಕ್ಕೆ ತಿರುಗುವ ಜಾಗದ ಊರುಗಳಿಗೆ ಶಬ್ದ ಹೋಗಿ ಬಿತ್ತು, ಈಗ ಅವರು ಗಲಾಟೆ ಮಾಡುತ್ತಾರೆ. ದಾರಿ ಬದಲಿಸುವಾಗ ಇದನ್ನು ಮರೆಯಬಾರದು.

ಅದೇ ದ್ವೀಪದ ಈಸ್ಟ್ ಹ್ಯಾಂಪ್ಟನ್ ಎಂಬ ಊರಿಗೆ ತನ್ನದೇ ವಿಮಾನ ನಿಲ್ದಾಣ ಇದೆ. ಊರಿನವರು 2015ರಲ್ಲಿ ರಾತ್ರಿ ಹಾರಬಾರದು ಎಂದು ಸ್ಥಳೀಯ ಕಾನೂನು ಮಾಡಿದರು. 2016ರಲ್ಲಿ ಅಪೀಲು ಕೋರ್ಟು ಅದನ್ನು ಹೊಡೆದು ಹಾಕಿತು. 1990ರ ಕೇಂದ್ರ ಕಾನೂನಿನ ಪ್ರಕಾರ ನೀವು ಮುಂದುವರಿಯಲಿಲ್ಲ ಎಂಬುದು ಕಾರಣ. ಜಾಗ ಅವರದ್ದೇ ಆದರೂ, ಆಗಲೇ ಓಡುತ್ತಿದ್ದ ನಿಲ್ದಾಣಕ್ಕೆ ಆಮೇಲೆ ಬೇಲಿ ಹಾಕಲಿಕ್ಕೆ ಹೋದದ್ದು ಸಾಗಲಿಲ್ಲ.

ಈಗ ನ್ಯೂಯಾರ್ಕ್ ನಗರಕ್ಕೇ ಬನ್ನಿ. ಮ್ಯಾನ್‌ಹ್ಯಾಟನ್ನಿನ ಕೆಳತುದಿಯ ಹೆಲಿಪೋರ್ಟು ನಗರದ ಆಸ್ತಿ, ಓಡಿಸುವವರು ಗುತ್ತಿಗೆಯವರು. 2016ರಲ್ಲಿ ನಗರ ಆಡಳಿತ ಗುತ್ತಿಗೆಯ ಮಾತಿನಲ್ಲೇ ವಿಷಯ ಮುಗಿಸಿತು: ಪ್ರವಾಸಿ ಹಾರಾಟ ಅರ್ಧಕ್ಕೆ ಇಳಿಯಬೇಕು, ಭಾನುವಾರ ಇಲ್ಲವೇ ಇಲ್ಲ. ವರ್ಷಕ್ಕೆ ಸುಮಾರು 60,000 ಇದ್ದದ್ದು ಸುಮಾರು 30,000ಕ್ಕೆ ಬಂತು. ಪಕ್ಕದ ನ್ಯೂಜೆರ್ಸಿಯಿಂದ ಏರಿ ಬರುವವರನ್ನು ಅವರಿಗೂ ತಡೆಯಲಿಕ್ಕೆ ಆಗಲಿಲ್ಲ, ಅದು ಬೇರೆ. ಲಂಡನ್ನಿನ ಬ್ಯಾಟರ್‌ಸೀ ಹೆಲಿಪೋರ್ಟು 1959ರಿಂದ ಥೇಮ್ಸ್ ನದಿಯ ದಡದಲ್ಲಿದೆ. ಅಲ್ಲಿ ವರ್ಷಕ್ಕೆ ಏರಿದ್ದು ಇಳಿದದ್ದು ಸೇರಿ 12,000 ದಾಟಬಾರದು ಎಂಬ ಮಿತಿ ಬಂದದ್ದು ಆಕಾಶದ ನಿಯಮದಿಂದ ಅಲ್ಲ, ಜಾಗದ ಪರವಾನಗಿಯಲ್ಲಿ ಹಾಕಿದ ಶರತ್ತಿನಿಂದ. ಒಂದೇ ಎಂಜಿನ್ನಿನ ಹೆಲಿಕಾಪ್ಟರ್ ನಗರದ ಮೇಲೆ ನದಿಯ ದಾರಿ ಹಿಡಿದೇ ಹೋಗಬೇಕು.

ನಾನು ಇವತ್ತು ಹೇಳಲಿಕ್ಕೆ ಬಂದದ್ದು ಇದನ್ನೇ. ಆಕಾಶದ ದಾರಿ ಬದಲಿಸಿದರೆ ಶಬ್ದ ಬೇರೆ ಊರಿಗೆ ಹೋಗಿ ಬಿತ್ತು, ಓಡುತ್ತಿದ್ದ ನಿಲ್ದಾಣಕ್ಕೆ ಆಮೇಲೆ ಕಾನೂನು ಮಾಡಿದವರು ಸೋತರು, ಇಳಿಯುವ ಜಾಗದ ಗುತ್ತಿಗೆಯಲ್ಲಿ, ಪರವಾನಗಿಯಲ್ಲಿ ಶರತ್ತು ಹಾಕಿದವರಿಗೆ ಏನಾದರೂ ಸಿಕ್ಕಿತು. ಹೆಲಿಕಾಪ್ಟರ್ ಇಳಿಯಲೇಬೇಕು ಅಲ್ವಾ? ಇಳಿಯುವ ನೆಲ ಯಾವುದೋ ಒಂದು ಪಂಚಾಯತಿನದ್ದು, ಯಾವುದೋ ಒಂದು ಗ್ರಾಮದ ಸರ್ವೆ ನಂಬರಿನದ್ದು. ಕಟ್ಟಡಕ್ಕೆ ಪಂಚಾಯತಿನ ಬಾಗಿಲು ತಟ್ಟಬೇಕು, ಉಳಿದದ್ದಕ್ಕೆ ಕಲೆಕ್ಟರ ಕಚೇರಿಗೆ ಹೋಗಬೇಕು. ನಮ್ಮ ಮಾತಿಗೆ ಬೆಲೆ ಇರುವುದು ಆ ಹೊತ್ತಿನಲ್ಲಿ.

ನಮ್ಮ ದೇಶದಲ್ಲೇ ಕೇದಾರನಾಥದ ಉದಾಹರಣೆ ಇದೆ. ಅಲ್ಲಿ ಯಾತ್ರೆಯ ಸಮಯ ಹೆಲಿಕಾಪ್ಟರುಗಳು ಕಸ್ತೂರಿ ಮೃಗ ಇರುವ ವನ್ಯಜೀವಿ ಧಾಮದ ಮೇಲೆ ಹಾರುತ್ತವೆ. ವಿಷಯ ಹಸಿರು ನ್ಯಾಯಮಂಡಳಿಗೆ ಹೋಗಿ, 600 ಮೀಟರಿಗಿಂತ ಕೆಳಗೆ ಹಾರಬಾರದು ಎಂದಾಯಿತು. ಕಸ್ತೂರಿ ಮೃಗಕ್ಕೆ ಸಿಕ್ಕಿದ ಆ 600 ಮೀಟರನ್ನು ನಾವೂ ಕೇಳಿದರೆ ತಪ್ಪೇನು? ಆದರೆ ಅಲ್ಲೂ ಅದಕ್ಕಿಂತ ಕೆಳಗೆ ಹಾರುತ್ತಾರೆ ಎಂಬ ದೂರು ನಿಂತಿಲ್ಲ. ನೋಡುವವರು ಬೇಕು.

ಹಾಗಾದರೆ ನಾವು ಏನು ಕೇಳಬೇಕು? ಬೇಕಲದಂಥ ಜಾಗದಲ್ಲಿ ಹೆಲಿಪ್ಯಾಡ್ ಬಂದರೆ ಕಡಲ ಕಡೆಯಿಂದಲೇ ಬಂದು ಕಡಲ ಕಡೆಗೇ ಏರಬೇಕು ಎಂದು ಕೇಳಬೇಕು, ಆದರೆ ಅಲ್ಲಿ ಮೀನುಗಾರರ ಮನೆಗಳು ದಡದಲ್ಲೇ ಇವೆ, ಅವರನ್ನು ಬಿಟ್ಟು ನಾವು ಮಾತ್ರ ಹೋಗಿ ಮಾತಾಡಬಾರದು. ಒಳನಾಡಿನಲ್ಲಿ ಎಲ್ಲರ ಕಣ್ಣು ಬೀಳುವುದು ಪದವಿನ ಮೇಲೆ, ಸಮತಟ್ಟು ಮುರಕಲ್ಲು, ಮರ ಕಡಿಯುವ ಕೆಲಸ ಇಲ್ಲ, ಖರ್ಚು ಕಡಿಮೆ. ಪದವಿನ ಸುತ್ತ ಇಳಿಜಾರಿನಲ್ಲಿ, ಕೆಳಗೆ ಬೈಲಿನಲ್ಲಿ ಮನೆಗಳಿವೆ, ಶಬ್ದ ಆ ಗುಡ್ಡೆಯಿಂದ ಈ ಗುಡ್ಡೆಗೆ ಬಡಿದು ವಾಪಸು ಬರುತ್ತದೆ. ನಕ್ಷೆಯಲ್ಲಿ ಖಾಲಿ ಕಂಡ ಜಾಗ ಖಾಲಿ ಅಲ್ಲ ಎಂದು ತೋರಿಸಿಕೊಡುವುದು ನಮ್ಮ ಕೆಲಸ. ದಾರಿ ಆದಷ್ಟು ಹೈವೇಯ ಮೇಲೆ, ಚಂದ್ರಗಿರಿ ಹೊಳೆಯ ಮೇಲೆ ಇರಲಿ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 6ರ ಮೇಲೆ ಟೂರಿಸಂ ಹಾರಾಟ ಬೇಡ. ದಿನಕ್ಕೆ ಇಷ್ಟೇ ಎಂಬ ಸಂಖ್ಯೆ ಪರವಾನಗಿಯಲ್ಲೇ ಬರೆದಿರಬೇಕು, ಡೆಸಿಬೆಲ್ ಅಲ್ಲ, ಸಂಖ್ಯೆ. ಡೆಸಿಬೆಲ್ ಅಳೆಯಲಿಕ್ಕೆ ಮೀಟರ್ ಬೇಕು, ಇಂಜಿನಿಯರ್ ಬೇಕು, ಆಮೇಲೆ ಸರಾಸರಿ. ಸಂಖ್ಯೆ ಎಣಿಸಲಿಕ್ಕೆ ಜಗಲಿಯಲ್ಲಿ ಕೂತ ಅಜ್ಜನೂ ಸಾಕು. ಹಾರಾಟದ ಪಟ್ಟಿ ತಿಂಗಳಿಗೊಮ್ಮೆ ಪಂಚಾಯತಿನ ಬೋರ್ಡಿನಲ್ಲಿ ಬರಬೇಕು, ಕನ್ನಡದಲ್ಲಿಯೂ ಬರಬೇಕು. ಕಾಸರಗೋಡು, ಮಂಜೇಶ್ವರ ತಾಲೂಕು ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಒಪ್ಪಿದ ಸರಕಾರ ಅಹವಾಲು ಸಭೆಯ ನೋಟೀಸನ್ನು ನಮಗೆ ಓದಲಿಕ್ಕೆ ಬಾರದ ಭಾಷೆಯಲ್ಲಿ ಅಂಟಿಸಿ ಹೋದರೆ ಅದು ನೋಟೀಸೇ ಅಲ್ಲ.

ಒಂದು ಮಾತು ಒತ್ತಿ ಹೇಳಬೇಕು. ಆಂಬುಲೆನ್ಸ್ ಹೆಲಿಕಾಪ್ಟರಿಗೆ, ನೆರೆ ಬಂದಾಗ ಬರುವುದಕ್ಕೆ ಈ ಯಾವ ಶರತ್ತೂ ಬೇಡ. 2018ರ ಪ್ರಳಯದಲ್ಲಿ ನೌಕಾಪಡೆಯವರು ಮಾಡಿನ ಮೇಲಿನಿಂದ ಜನರನ್ನು ಎತ್ತಿಕೊಂಡು ಹೋದದ್ದನ್ನು ನೋಡಿದ್ದೇವೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗೆ ಹೋಗಲಿಕ್ಕೆ ಆಗದೆ ನಮ್ಮವರು ಸತ್ತರು. ಅವತ್ತು ಒಂದು ಹೆಲಿಕಾಪ್ಟರ್ ಮಧ್ಯರಾತ್ರಿ ಬಂದು ಇಡೀ ಊರನ್ನು ಎಬ್ಬಿಸಿದ್ದರೂ ಕೈ ಮುಗಿಯುತ್ತಿದ್ದೆವು. ಆದ್ದರಿಂದ ಅರ್ಜಿಯಲ್ಲಿ ಇದನ್ನು ಮೊದಲ ಸಾಲಿನಲ್ಲೇ ಬರೆಯಿರಿ. ಇಲ್ಲಾಂದ್ರೆ "ಇವರು ಆಂಬುಲೆನ್ಸಿಗೂ ವಿರೋಧ" ಎಂದು ತಿರುಗಿಸಿ ಹೇಳುವವರು ಇರುತ್ತಾರೆ.

ಪ್ರಶ್ನೆಗಳ ಹೊತ್ತಿನಲ್ಲಿ ಹಿಂದೆ ಕೂತಿದ್ದ ಒಬ್ಬರು ಅಕ್ಕ ಎದ್ದು, "ಮಾಷ್ಟ್ರೇ, ಅದು ಎಷ್ಟು ಎತ್ತರದಲ್ಲಿ ಹೋಯಿತು ಅಂತ ನಮಗೆ ಹೇಗೆ ಗೊತ್ತಾಗಬೇಕು? ನಾವು ತಗ್ಗಿನಲ್ಲಿ ಅಂದರೆ ಅವರು ಇಲ್ಲ ಅಂತಾರೆ" ಎಂದರು. ಇವತ್ತಿನ ಅತಿ ಒಳ್ಳೆಯ ಪ್ರಶ್ನೆ ಇದು. ಫ್ಲೈಟ್‌ರಾಡಾರ್24 ಎಂಬ ಆ್ಯಪ್‌ನಲ್ಲಿ ಕೆಲವು ಕಾಣುತ್ತವೆ, ಗುಡ್ಡದ ಮರೆಯಲ್ಲಿ ತಗ್ಗಿನಲ್ಲಿ ಹೋಗುವುದು ಹೆಚ್ಚಾಗಿ ಸಿಗುವುದಿಲ್ಲ. ಅದಕ್ಕೆ ಹೆಬ್ಬೆರಳಿನ ಲೆಕ್ಕ ಕಲಿಯಿರಿ. ಕೈ ಪೂರ್ತಿ ಚಾಚಿ. ಕಣ್ಣಿನಿಂದ ಹೆಬ್ಬೆರಳಿಗೆ ಸುಮಾರು 60 ಸೆಂಟಿಮೀಟರ್, ಹೆಬ್ಬೆರಳಿನ ಅಗಲ 2 ಸೆಂಟಿಮೀಟರ್. ಅಂದರೆ ಮೂವತ್ತಕ್ಕೆ ಒಂದು. ಸಣ್ಣ ಹೆಲಿಕಾಪ್ಟರ್ ರೆಕ್ಕೆ ಬಾಲ ಸೇರಿ ಸುಮಾರು 12 ಮೀಟರ್ ಉದ್ದ. ತಲೆಯ ನೇರಕ್ಕೆ ಹೋಗುವಾಗ ಒಂದು ಹೆಬ್ಬೆರಳಿನ ಹಿಂದೆ ಪೂರ್ತಿ ಅಡಗಿದರೆ 12ರ ಮೂವತ್ತು ಪಟ್ಟು, 360 ಮೀಟರ್ ಎತ್ತರ. ಎರಡು ಹೆಬ್ಬೆರಳು ಜೋಡಿಸಿದರೆ ಮಾತ್ರ ಮುಚ್ಚುತ್ತದೆ ಅಂದರೆ 180. ಮೂರು ಬೇಕಾದರೆ 120, ಅದು ನಿಯಮಕ್ಕಿಂತ ಕೆಳಗೆ. ಅಂದಾಜು ಲೆಕ್ಕ, ಆಚೆ ಈಚೆ ಆಗಬಹುದು. ಒಬ್ಬರು ಹೇಳಿದರೆ ಅಂದಾಜು, ಒಂದೇ ದಿನ ಒಂದೇ ಹೊತ್ತಿಗೆ ಎಂಟು ಮನೆಯವರು ಬರೆದಿಟ್ಟರೆ ಅದು ದಾಖಲೆ. ಒಂದು ನೋಟ್‌ಪುಸ್ತಕ ಸಾಕು: ತಾರೀಕು, ಗಂಟೆ, ಯಾವ ಕಡೆಯಿಂದ ಯಾವ ಕಡೆಗೆ, ಎಷ್ಟು ಹೆಬ್ಬೆರಳು, ಶಬ್ದ ಎಷ್ಟು ಸೆಕೆಂಡು.

ಆ ಅಕ್ಕ ಕೂತಲ್ಲೇ ಕೈ ಚಾಚಿ ಮಾಡಿನ ಪಕ್ಕಾಸಿಗೆ ಹೆಬ್ಬೆರಳು ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಪಕ್ಕದಲ್ಲಿದ್ದ ಹುಡುಗಿಯೂ ನೋಡಿದಳು. ಹೋಗುವ ಮೊದಲು ವಾಚನಾಲಯದವರು ಕಪಾಟಿನಿಂದ ಇನ್ನೂರು ಪುಟದ ಒಂದು ಖಾಲಿ ಪುಸ್ತಕ ತೆಗೆದು, ಮೊದಲ ಪುಟಕ್ಕೆ ಐದು ಗೆರೆ ಎಳೆದು, ಪತ್ರಿಕೆ ಓದುವ ಮೇಜಿನ ಮೇಲೆ ನೂಲು ಕಟ್ಟಿದ ಪೆನ್ನಿನೊಟ್ಟಿಗೆ ಇಟ್ಟರು.